ಓಡಿದ್ದಲ್ಲ, ನಿಂತದ್ದು ನೋಡಿ

ಹಳೇ ಬೈಕು ನೋಡಲು ಹೋದವರು ಮೊದಲು ಬಗ್ಗುವುದು ಮೀಟರಿನ ಕಡೆಗೆ. ಎಷ್ಟು ಸಾವಿರ ಓಡಿದೆ, ಮೀಟರ್ ಕೇಬಲ್ ಕಳಚಿಟ್ಟು ಓಡಿಸಿದ್ದಾರೋ ಏನೋ ಎಂಬ ಲೆಕ್ಕಾಚಾರ. ಉತ್ತರ ಕನ್ನಡದಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದ್ದು ಬೇರೆ: ಈ ಬೈಕು ಎಲ್ಲಿ ನಿಂತಿತ್ತು, ಎಷ್ಟು ಮಳೆಗಾಲ ನಿಂತಿತ್ತು?

ನೂರು ಸಿಸಿಯ ಎಂಜಿನ್ನು ಹೊತ್ತಿಗೆ ಸರಿಯಾಗಿ ಎಣ್ಣೆ ಕಂಡರೆ ಸುಲಭಕ್ಕೆ ಸಾಯುವುದಿಲ್ಲ. ಸತ್ತರೂ ಸಿಲಿಂಡರ್ ಬೋರ್ ಮಾಡಿಸಿ (ಸವೆದ ಒಳಮೈ ಕೊರೆಸಿ) ಹೊಸ ಪಿಸ್ಟನ್ ಹಾಕಿದರೆ ಎದ್ದು ಕೂರುತ್ತದೆ. ಆದರೆ ತುಕ್ಕು ತಿಂದ ಚಾಸಿಗೆ, ಹಸಿರುಗಟ್ಟಿದ ವೈರಿಂಗಿಗೆ ಅಂಥ ಸುಲಭದ ಮದ್ದಿಲ್ಲ. ಅವೆರಡೂ ಹಾಳಾಗುವುದು ಓಡುವಾಗ ಅಲ್ಲ, ಮೂಲೆಯಲ್ಲಿ ನಿಂತಾಗ. ಅದಕ್ಕೇ ಎಂಬತ್ತು ಸಾವಿರ ಕಿಲೋಮೀಟರ್ ಓಡಿದ, ದಿನಾ ಬೆಳಗ್ಗೆ ಸ್ಟಾರ್ಟ್ ಆಗುವ ಗಾಡಿ ಒಳ್ಳೆಯದೋ, ಹದಿನೈದು ಸಾವಿರ ಓಡಿ ಮೂರು ಮಳೆಗಾಲ ತಾಡಪಾಲು ಹೊದ್ದು ಮಲಗಿದ್ದು ಒಳ್ಳೆಯದೋ ಎಂದು ಕೇಳಿದರೆ, ಈ ಸೀಮೆಯ ಮಟ್ಟಿಗೆ ಮೊದಲನೆಯದೇ.

ಕರಾವಳಿಯ ಅಡುಗೆಮನೆಯಲ್ಲಿ ಆಷಾಢದ ಹೊತ್ತಿಗೆ ಭರಣಿಯ ಉಪ್ಪು ನೀರೊಡೆಯುವುದು ಎಲ್ಲರಿಗೂ ಗೊತ್ತು. ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ತೇವ ಎಳೆದುಕೊಳ್ಳುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಕಾರವಾರ, ಅಂಕೋಲಾ, ಗೋಕರ್ಣ, ಹೊನ್ನಾವರದ ಕಡಲಂಚಿನಲ್ಲಿ ನಿಂತ ಬೈಕಿನ ಮೇಲೂ ನಡೆಯುವುದು ಇದೇ. ಕಣ್ಣಿಗೆ ಒಣಗಿದಂತೆ ಕಾಣುವ ಕಬ್ಬಿಣದ ಮೇಲೆ ಉಪ್ಪುನೀರಿನ ತೆಳು ಪದರ ವರ್ಷದಲ್ಲಿ ಎಷ್ಟೋ ತಿಂಗಳು ಹಾಗೆಯೇ ಇರುತ್ತದೆ. ತಾಡಪಾಲು ಹೊದಿಸಿದರೆ ಕಷ್ಟ ಇನ್ನೂ ಹೆಚ್ಚು, ಒಳಗಿನ ತೇವ ಆರುವುದೇ ಇಲ್ಲ.

ಅದರಲ್ಲೂ ಕೆಟ್ಟದ್ದು ಮೀನಿನ ಪೆಟ್ಟಿಗೆ ಹೊತ್ತ ಬೈಕು. ಬಂದರಿನಿಂದ ಊರೂರಿಗೆ ಮೀನು ಒಯ್ಯುವ ಗಾಡಿಯ ಹಿಂಬದಿಗೆ ದಿನವೂ ಬರ್ಫದ ನೀರು ಸೋರುತ್ತದೆ. ಅದು ಬರೀ ನೀರಲ್ಲ, ಉಪ್ಪು, ಲೋಳೆ, ರಕ್ತ ಕೂಡಿದ್ದು. ಮಾರುವ ಮುಂಚೆ ಕ್ಯಾರಿಯರ್ ಬಿಚ್ಚಿ, ಹೊಸ ಸೀಟು ಕವರ್ ಹಾಕಿ, ಪಾಲಿಶ್ ಹೊಡೆದಿರುತ್ತಾರೆ. ಹಾಗಿದ್ದರೂ ಗುರುತು ಸಿಗುತ್ತದೆ. ಹಿಂದಿನ ಮಡ್‌ಗಾರ್ಡಿನ ಒಳಮೈಗೆ ಕೈ ಹಾಕಿ ನೋಡಿ, ತುಕ್ಕು ಪದರಪದರವಾಗಿ ಬೆರಳಿಗೆ ಬರುತ್ತದೆ. ಮುಂದಿನ ಚಕ್ರದ ಕಡ್ಡಿಗಳು ಬೂದು ಬಣ್ಣಕ್ಕಿದ್ದು ಹಿಂದಿನವು ಮಾತ್ರ ಕೆಂಪಗಿದ್ದರೆ, ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟಿನ ತಲೆ ಉರುಟಾಗಿ ಸವೆದಿದ್ದರೆ, ನಂಬರ್ ಪ್ಲೇಟಿನ ಪಟ್ಟಿ ಹೊಸದಾಗಿದ್ದರೆ ಆ ಗಾಡಿ ಏನು ಹೊತ್ತಿತ್ತೆಂದು ಯಾರೂ ಹೇಳಬೇಕಾಗಿಲ್ಲ. ಎಷ್ಟು ಅಗ್ಗಕ್ಕೆ ಬಂದರೂ ಅದು ಬೇಡ.

‘ಘಟ್ಟದ ಮೇಲಿನ ಗಾಡಿ, ತುಕ್ಕಿಲ್ಲ’ ಎಂದು ಕೆಳಗಿನವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೈಕಿಗೆ ಒಂದಿಷ್ಟು ಹೆಚ್ಚೇ ಕೊಡುತ್ತಾರೆ. ಕಬ್ಬಿಣದ ವಿಷಯದಲ್ಲಿ ಅದು ನಿಜ. ಆದರೆ ಅಲ್ಲಿ ಓಡಿಸದ ಬೈಕು ಹೋಗಿ ಸೇರುವುದು ಕೊಟ್ಟಿಗೆಯ ಮೂಲೆಗೆ. ಗಂಜಲದಿಂದ ಏಳುವ ಅಮೋನಿಯಾ ಕಬ್ಬಿಣವನ್ನು ಅಷ್ಟಾಗಿ ಮುಟ್ಟುವುದಿಲ್ಲ, ತಾಮ್ರ ಹಿತ್ತಾಳೆಯನ್ನು ಬಿಡುವುದಿಲ್ಲ. ವೈರು, ಕನೆಕ್ಟರು, ಬಲ್ಬ್ ಹೋಲ್ಡರು, ಕಾರ್ಬ್ಯುರೇಟರಿನ ಜೆಟ್ಟು ಎಲ್ಲವೂ ತಾಮ್ರ, ಹಿತ್ತಾಳೆಯವೇ. ಮೇಲೆ ಇಲಿಕಾಟ ಬೇರೆ. ಅಡಿಕೆ ತೋಟದ ಔಷಧಿಗೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಸಾಗಿಸಿದ ಗಾಡಿಯಾದರೆ ಎಂಜಿನ್ ಕವರಿನ ಅಲ್ಯೂಮಿನಿಯಂ ಮೇಲೆ ಸೂಜಿ ಚುಚ್ಚಿದಂಥ ಕುಳಿ, ಅಲ್ಲಲ್ಲಿ ನೀಲಿ-ಹಸಿರು ಕಲೆ. ಸುಣ್ಣ ಸೇರಿಸಿ ಹದ ಮಾಡಿದ ಬೋರ್ಡೋ ದ್ರಾವಣ ಅಷ್ಟು ಉಗ್ರವಲ್ಲ. ಸುಣ್ಣ ಬೀಳುವ ಮುಂಚಿನ ಬರೀ ಮೈಲುತುತ್ತದ ನೀರು ತುಳುಕಿದ್ದರೆ ಅಲ್ಯೂಮಿನಿಯಂ ಉಳಿಯುವುದಿಲ್ಲ. ಮಾರುವವರು ‘ಮತ್ತೆಂತೂ ತೊಂದ್ರೆ ಇಲ್ಲೆ, ಬ್ಯಾಟರಿ ಒಂದು ಹಾಕಿಸ್ಕಂಡ್ರೆ ಸಾಕು’ ಎಂದಾಗ ಸುಳ್ಳು ಹೇಳುತ್ತಿದ್ದಾರೆ ಎಂದೇನಲ್ಲ. ಅವರಿಗೂ ಒಳಗಿನದು ಗೊತ್ತಿರುವುದಿಲ್ಲ.

ಇನ್ನೊಂದು ಬಗೆ, ನೆರೆಯಲ್ಲಿ ಮುಳುಗಿದ್ದು. 2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಯಲ್ಲಿ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಹೆಡ್‌ಲೈಟ್ ಗಾಜಿನ ಒಳಗೆ, ಮೀಟರಿನ ಒಳಗೆ, ಸೈಡ್ ಕವರಿನ ಹಿಂದೆ ಸಣ್ಣ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಸ್ಪಂಜು ಹಿಂಡಿದರೆ ನುಣ್ಣನೆಯ ಮಣ್ಣು ಬರುತ್ತದೆ. ಎಣ್ಣೆಯ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಒಳಗೆ ನೀರಿದೆ, ಕಿಕ್ ಹೊಡೆಯಲೇಬೇಡಿ.

ಇನ್ನು ಯಾವ ಬೈಕು? 2020ರ ಏಪ್ರಿಲ್ 1ಕ್ಕೆ ಬಿಎಸ್-6 ಎಂಬ ಹೊಗೆ ನಿಯಮ ಬಂತು. ನೂರು ಸಿಸಿಯವೂ ಬಹುಪಾಲು ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಷನ್‌ಗೆ ತಿರುಗಿದವು. ನಿಂತು ಕೆಟ್ಟ ಇಂಜೆಕ್ಷನ್ ಬೈಕಿನಲ್ಲಿ ಟ್ಯಾಂಕಿನೊಳಗಿನ ಪಂಪೇ ತುಕ್ಕಿಗೆ ಬಲಿಯಾಗಿರುತ್ತದೆ, ಸೆನ್ಸರ್ ದೋಷ ಹುಡುಕಲು ಸ್ಕ್ಯಾನರೂ ಬೇಕು. ಮನೆಯಂಗಳದಲ್ಲಿ ಕೈಯಾರೆ ರಿಪೇರಿ ಮಾಡುವ ಆಸೆಯಿದ್ದರೆ ಅದಕ್ಕಿಂತ ಹಿಂದಿನ ಕಾರ್ಬ್ಯುರೇಟರ್ ಗಾಡಿಯೇ ಸರಿ. ಸ್ಪ್ಲೆಂಡರ್ ಬಂದದ್ದು 1994ರಲ್ಲಿ, ಅದರ 97.2 ಸಿಸಿ ಎಂಜಿನ್ನು ಸಣ್ಣಪುಟ್ಟ ಬದಲಾವಣೆಯೊಂದಿಗೆ ದಶಕಗಟ್ಟಲೆ ನಡೆದಿದೆ. ಹಾಗಾಗಿ ಕುಮಟಾದಲ್ಲೂ ಸಿಗುತ್ತದೆ ಸಾಮಾನು, ಮುಂಡಗೋಡದಲ್ಲೂ ಸಿಗುತ್ತದೆ. ಕಂಪನಿ ಕೈಬಿಟ್ಟ ಮಾಡೆಲ್ಲು ಅಗ್ಗ ಎಂದು ಹಿಗ್ಗಬೇಡಿ. ಕಿಡಿ ಕೊಡಿಸುವ ಒಂದು ಸಿಡಿಐ ಯೂನಿಟ್ಟಿಗಾಗಿ ಹುಬ್ಬಳ್ಳಿಗೆ ಮೂರು ಸಲ ಬಸ್ಸು ಹತ್ತಬೇಕಾದೀತು. ಮುಂದೆ ಬರೆದದ್ದೆಲ್ಲ ಈ ಬಗೆಯ ನೂರು ಸಿಸಿ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಕಾಗದಪತ್ರದ ಮಾತು ಬೇಗ ಮುಗಿಸೋಣ. ಕೆಎ-30 ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ರಾಜ್ಯದೊಳಗೇ ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಸಾಲದಲ್ಲಿ ಕೊಂಡ ಗಾಡಿಯಾದರೆ ಸಾಲ ತೀರಿದ್ದಕ್ಕೆ ಫಾರ್ಮ್ 35. ಗಡಿಯಾಚೆ ಗೋವಾದಿಂದ ಬಂದ ಜಿಎ ನಂಬರಿನ ಗಾಡಿ ಮಾಜಾಳಿ ದಾಟಿದೊಡನೆ ಅಗ್ಗ ಅನ್ನಿಸುತ್ತದೆ. ಅದಕ್ಕೆ ಅಲ್ಲಿಯ ಎನ್‌ಒಸಿ (ಫಾರ್ಮ್ 28), ಇಲ್ಲಿ ಹೊಸ ನಂಬರಿಗೆ ಫಾರ್ಮ್ 27, ಜೊತೆಗೆ ಕರ್ನಾಟಕದ ರಸ್ತೆ ತೆರಿಗೆ ಎಂಬ ಲೆಕ್ಕ ಸೇರಿಸಿದರೆ ಅಗ್ಗ ಎಷ್ಟು ಉಳಿಯಿತು ನೋಡಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಫಾರ್ಮ್ 25ರಲ್ಲಿ ನವೀಕರಣವಾಗಿರಬೇಕು, ಅದು ಐದು ವರ್ಷದ ಮಟ್ಟಿಗೆ. ಅವಧಿ ಮುಗಿದಿದ್ದರೆ ನವೀಕರಣ ಮಾಡಿಸಿಕೊಡಿ ಎಂದು ಮಾರುವವರನ್ನೇ ಕೇಳಿ. ಗಾಡಿಯನ್ನು ಇನ್‌ಸ್ಪೆಕ್ಟರಿಗೆ ತೋರಿಸಬೇಕಾಗುತ್ತದೆ, ಇಂಡಿಕೇಟರ್ ಉರಿಯದ ಬೈಕು ಅಲ್ಲಿಂದ ವಾಪಸ್.

ಚಾಸಿ ನಂಬರು ಹ್ಯಾಂಡಲ್ ಕೆಳಗಿನ ಹೆಡ್ ಪೈಪಿನ ಮೇಲಿರುತ್ತದೆ. ಉಪ್ಪುಗಾಳಿಗೆ ಅದೇ ಮಾಸಿಹೋಗಿರುವುದುಂಟು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಎಲ್ಲ ಅಕ್ಷರ ಮೂಡಿ ಆರ್‌ಸಿಗೆ ತಾಳೆಯಾದರೆ ಮಾತ್ರ ಮುಂದಿನ ಮಾತು. ಆಮೇಲೆ ಪೇಂಟ್ ಮಾಡುವಾಗಲೂ ಆ ಜಾಗಕ್ಕೆ ಮರಳು ಕಾಗದ ತಾಗಿಸಬೇಡಿ.

ನೋಡಲು ಹೋಗುವಾಗ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು, ಒಂದು ಅಯಸ್ಕಾಂತ ಸಾಕು. ಹೋಗುವುದು ಬೆಳಗ್ಗೆ, ಮುಂಚೆಯೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ಎಂಜಿನ್ನಿಗೆ ಕೈ ಮುಟ್ಟಿಸಿ, ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯ ಕೆಳಗಿನ ಪೈಪು, ಸ್ಟ್ಯಾಂಡ್ ಕೂರುವ ಜಾಗ, ಸ್ವಿಂಗ್ ಆರ್ಮಿನ ಮೂಲೆ, ಫುಟ್‌ರೆಸ್ಟಿನ ಬುಡ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಒಳಗೆ ತಿಂದದ್ದು ಬೊದ್ ಎನ್ನುತ್ತದೆ. ಟ್ಯಾಂಕು, ಮಡ್‌ಗಾರ್ಡಿಗೆ ಅಯಸ್ಕಾಂತ ಹಿಡಿಯದ ಜಾಗದಲ್ಲಿ ಪುಟ್ಟಿ ಮೆತ್ತಿರುತ್ತದೆ. ಎಲ್ಲ ಹಳತಾಗಿ ಚಾಸಿಯ ಕೆಳಭಾಗ ಮಾತ್ರ ಹೊಸ ಕಪ್ಪು ಬಣ್ಣದಿಂದ ಹೊಳೆಯುತ್ತಿದ್ದರೆ ಅಲ್ಲೇ ಇನ್ನಷ್ಟು ಬಡಿಯಿರಿ.

ಮುಂದಿನ ಫೋರ್ಕ್ ಪೈಪಿನ ಮೇಲೆ ಉಗುರು ಎಳೆದು ನೋಡಿ. ಕುಳಿಗೆ ಉಗುರು ಸಿಕ್ಕಿದರೆ, ಆ ಕುಳಿ ಸೀಲು ಓಡಾಡುವ ಜಾಗದಲ್ಲಿದ್ದರೆ, ಹೊಸ ಆಯಿಲ್ ಸೀಲು ಹಾಕಿದರೂ ತಿಂಗಳೊಳಗೆ ಹರಿದು ಎಣ್ಣೆ ಸೋರುತ್ತದೆ. ಪೈಪನ್ನೇ ಬದಲಿಸಬೇಕು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವಿಗೆ ಬಂದಾಗ ‘ಕಟ್’ ಎಂದು ಕೂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದರೆ 2019ರ 23ನೇ ವಾರ. ನಿಂತ ಗಾಡಿಯ ಟೈರು ನೋಡಲು ದಪ್ಪವಿದ್ದರೂ ಕಲ್ಲಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ.

ಸ್ಟಾರ್ಟ್ ಆದರೆ ಹೊಗೆ ನೋಡಿ. ನೀಲಿ ಹೊಗೆ ನಿಲ್ಲದೆ ಬಂದರೆ ರಿಂಗು, ಬೋರು. ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲು. ಕಪ್ಪಾದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಬೆಳಗಿನ ಬಿಳಿ ಹೊಗೆ ಬರೀ ಆವಿ. ಸ್ಟಾರ್ಟ್ ಆಗದಿದ್ದರೆ ಗಾಡಿ ಕೆಟ್ಟದ್ದೆಂದೇನೂ ಅಲ್ಲ, ಬೆಲೆ ಇಳಿಸಲು ಒಳ್ಳೆಯ ಕಾರಣ. ಬೆಲೆ ಮಾತಾಡುವ ಮುಂಚೆ ಸ್ಪೇರ್ ಅಂಗಡಿಗೆ ಹೋಗಿ ಎರಡು ಟೈರು-ಟ್ಯೂಬು, ಚೈನ್ ಸೆಟ್, ಬ್ಯಾಟರಿ, ಕೋನ್ ಸೆಟ್, ಬ್ರೇಕ್ ಶೂ, ಕೇಬಲ್ಲು, ಹಬ್ ಬೇರಿಂಗುಗಳ ದರ ಚೀಟಿಯಲ್ಲಿ ಬರೆಸಿಕೊಳ್ಳಿ. ನಿಂತ ಗಾಡಿಗೆ ಇವಿಷ್ಟೂ ಬೇಕಾಗುತ್ತದೆ ಎಂದೇ ಹಿಡಿದು, ಆ ಮೊತ್ತವನ್ನು ಮನಸ್ಸಿನಲ್ಲಿದ್ದ ಬೆಲೆಯಿಂದ ಕಳೆಯಿರಿ.

ಮನೆಗೆ ತಂದ ಮೇಲೆ ಮೊದಲ ಕೆಲಸ ಬಾವಿಯ ಸಿಹಿನೀರಲ್ಲಿ ತೊಳೆಯುವುದು. ಒಂದು ಸಲವಲ್ಲ, ಮೂರು ದಿನ ಮೂರು ಸಲ, ಶಾಂಪೂ ಹಾಕಿ, ಮೂಲೆಮೂಲೆಗೆ ಬ್ರಶ್ ಹಾಕಿ. ಉಪ್ಪು ಉಳಿದ ಕಬ್ಬಿಣದ ಮೇಲೆ ಎಂಥ ಪೇಂಟ್ ಬಳಿದರೂ ಆ ಉಪ್ಪು ಪೇಂಟಿನ ಅಡಿಯಿಂದಲೇ ನೀರೆಳೆದು ಗುಳ್ಳೆ ಎಬ್ಬಿಸುತ್ತದೆ. ವಾಟರ್ ಸರ್ವಿಸಿನಲ್ಲಿ ಅಡಿಗೆಲ್ಲ ಡೀಸೆಲ್ ಹೊಡೆಸುವ ಚಾಳಿ ಬಿಡಿ. ಡೀಸೆಲ್ಲಿಗೆ ರಬ್ಬರ್ ಬುಶ್ ಉಬ್ಬುತ್ತದೆ, ಬ್ರೇಕ್ ಡ್ರಮ್ಮಿನೊಳಗೆ ಇಳಿದರೆ ಶೂ ಕೈಕೊಡುತ್ತದೆ.

ಎಂಜಿನ್ ಎಬ್ಬಿಸಲು ಆತುರ ಬೇಡ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಐದು ಮಿಲಿ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ಮರುದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಪಿಸ್ಟನ್ ಮೇಲೆ ಕೆಳಗೆ ಆಡಿದರೆ ಸರಿ. ಹಿಡಿದಿದ್ದರೆ ಇನ್ನಷ್ಟು ಎಣ್ಣೆ ಬಿಟ್ಟು ಮೂರು ದಿನ ಕಾಯಿರಿ. ಕಿಕ್ ಮೇಲೆ ಹತ್ತಿ ಕುಣಿದರೆ ಅಂಟಿದ ರಿಂಗು ಮುರಿದು ಬೋರಿಗೆ ಗೀರು ಬೀಳುತ್ತದೆ, ಕಿಕ್ ಶಾಫ್ಟಿನ ಹಲ್ಲೂ ಹೋಗುತ್ತದೆ. ಕಂಪ್ರೆಶನ್ ಗೇಜ್ ಸಿಕ್ಕಿದರೆ ಆಕ್ಸಿಲರೇಟರ್ ಪೂರ್ತಿ ತಿರುವಿ ಐದಾರು ಕಿಕ್ ಹೊಡೆಯಿರಿ. 100 ಪಿಎಸ್‌ಐಗಿಂತ ಕೆಳಗಿದ್ದರೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಮುಳ್ಳು ಏರಿದರೆ ರಿಂಗು-ಬೋರಿನ ದೋಷ, ಏರದಿದ್ದರೆ ವಾಲ್ವು ಕೂರುತ್ತಿಲ್ಲ. ಹೆಡ್ ಬಿಚ್ಚಬೇಕೋ ಬ್ಲಾಕೂ ಬಿಚ್ಚಬೇಕೋ ಎಂಬುದು ಈ ಒಂದು ಚಮಚದಲ್ಲಿ ತೀರ್ಮಾನವಾಗುತ್ತದೆ.

ಎಣ್ಣೆ ಬದಲಿಸುವುದು ಎಲ್ಲರಿಗೂ ಗೊತ್ತು. ಈ ಎಂಜಿನ್ನಿನ ಒಳಗೆ ಎಣ್ಣೆಯ ಕೊಳೆ ಹಿಡಿಯುವ ಭಾಗ ಇನ್ನೊಂದು ಇದೆ, ಅದನ್ನು ಬಿಚ್ಚುವವರು ಕಡಿಮೆ. ಹೊಸ ಗಾಡಿಗಳ ಕಾಗದದ ಫಿಲ್ಟರ್ ಇದಕ್ಕಿಲ್ಲ. ಬಲಗಡೆಯ ಕ್ಲಚ್ ಕವರಿನೊಳಗೆ ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಒಂದು ಬಟ್ಟಲು ಇದೆ, ಕೆಳಗೊಂದು ಜಾಲರಿ. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾದಂತೆ, ತಿರುಗುವ ರಭಸಕ್ಕೆ ಎಣ್ಣೆಯ ಕೊಳೆ ಬಟ್ಟಲಿನ ಗೋಡೆಗೆ ಹೋಗಿ ಕೂರುತ್ತದೆ. ಅಸಡ್ಡೆ ಮಾಡಿದ ಗಾಡಿಯಲ್ಲಿ ಅದು ಕರಿ ಜೇಡಿಮಣ್ಣಿನಂತೆ ಗಟ್ಟಿಯಾಗಿ ತುಂಬಿರುತ್ತದೆ. ಎಷ್ಟು ಸಲ ಎಣ್ಣೆ ಬದಲಿಸಿದರೂ ಮತ್ತೆ ಕಪ್ಪಾಗುವುದು ಅದಕ್ಕೇ. ಕವರ್ ಬಿಚ್ಚಿ, ಬಟ್ಟಲಿನ ಮುಚ್ಚಳದ ಸಣ್ಣ ಸ್ಕ್ರೂಗಳನ್ನು ಇಂಪ್ಯಾಕ್ಟ್ ಡ್ರೈವರಿನಿಂದ ಬಡಿದು ಸಡಿಲಿಸಿ (ಕೈಯಿಂದ ತಿರುಗಿಸಿದರೆ ತಲೆ ಸವೆದುಹೋಗುತ್ತದೆ), ಕೆರೆದು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ ಮುಚ್ಚಬೇಕು. ಹಳೇ ಪ್ಯಾಕಿಂಗನ್ನು ಕೆರೆಯುವಾಗ ಅಲ್ಯೂಮಿನಿಯಂಗೆ ಗೀರು ಬಿದ್ದರೆ ಅಲ್ಲಿಂದಲೇ ಎಣ್ಣೆ ಜಿನುಗುತ್ತದೆ.

ಎಣ್ಣೆ 10ಡಬ್ಲ್ಯು-30, ಡಬ್ಬಿಯ ಮೇಲೆ ‘ಜಾಸೊ ಎಂಎ’ ಎಂದು ಇರಲೇಬೇಕು. ಕಾರಿನ ಎಣ್ಣೆ ಹಾಕಿದರೆ ಅದೇ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟು ಜಾರತೊಡಗುತ್ತದೆ. ಒಂಬೈನೂರು ಮಿಲಿಯ ಬಾಟಲಿ ತಂದು, ಪೂರ್ತಿ ಸುರಿಯದೆ ಡಿಪ್‌ಸ್ಟಿಕ್ ನೋಡುತ್ತ ಹಾಕಿ. ಟ್ಯಾಪೆಟ್ ಗ್ಯಾಪು (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಈ ಎಂಜಿನ್ನುಗಳಲ್ಲಿ ಅದು 0.05ರಿಂದ 0.10 ಮಿ.ಮೀ. ನಡುವೆ, ನಿಮ್ಮ ವರ್ಷದ ಮಾಡೆಲ್ಲಿಗೆ ಪುಸ್ತಕದಲ್ಲಿರುವ ಅಂಕಿಯೇ ಅಂಕಿ. ಸದ್ದು ಬರಬಾರದೆಂದು ಬಿಗಿ ಹಿಡಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಸ್ವಲ್ಪ ಟಿಕ್ ಟಿಕ್ ಇರಲಿ.

ಈಗ ಟ್ಯಾಂಕು. ಪೆಟ್ರೋಲಿಗೆ ಎಥನಾಲ್ ಬೆರೆತ ಮೇಲೆ ನಿಂತ ಗಾಡಿಯ ಮೊದಲ ಶತ್ರು ಇದರೊಳಗೇ ಇದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿ ತಡೆಯದಷ್ಟಾದಾಗ ನೀರೂ ಎಥನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ತಳ ತುಕ್ಕು ಹಿಡಿಯುತ್ತದೆ. ಅರ್ಧ ಖಾಲಿ ಬಿಟ್ಟ ಟ್ಯಾಂಕಿನಲ್ಲಿ ಮೇಲ್ಭಾಗವೂ ಬೆವರಿ ಕೆಂಪಾಗಿರುತ್ತದೆ. ಹಳೇ ಪೆಟ್ರೋಲು ಬಸಿದು, ಸೋಪುನೀರಿನಲ್ಲಿ ಎರಡು ಸಲ ತೊಳೆಯಿರಿ. ಇದಕ್ಕೂ ಮುಂಚೆ ಹೇರ್ ಡ್ರೈಯರು, ಬಲ್ಬು, ವೆಲ್ಡಿಂಗು ಯಾವುದನ್ನೂ ಹತ್ತಿರ ತರಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿ, ಪೆಟ್ರೋಲು ತುಂಬಿದ ಟ್ಯಾಂಕಿಗಿಂತ ಅಪಾಯ. ಪೆಟ್ರೋಲ್ ಕಾಕ್, ಮೀಟರಿನ ಫ್ಲೋಟ್ ಬಿಚ್ಚಿ, ತೂತುಗಳಿಗೆ ರಬ್ಬರ್ ಕೊಟ್ಟು ಮುಚ್ಚಿ. ಇಪ್ಪತ್ತು ಹಳೇ ನಟ್ಟು ಎಣಿಸಿ ಒಳಗೆ ಹಾಕಿ, ಸ್ವಲ್ಪ ನೀರಿನೊಂದಿಗೆ ಕುಲುಕಿ. ಪದರದ ತುಕ್ಕು ಉದುರುತ್ತದೆ. ಹೊರಬರುವಾಗಲೂ ಇಪ್ಪತ್ತೇ ಇರಬೇಕು.

ಆಮೇಲೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು. ಲೀಟರಿಗೆ 50ರಿಂದ 100 ಗ್ರಾಂ, ಹತ್ತು ಲೀಟರ್ ಆಸುಪಾಸಿನ ಟ್ಯಾಂಕಿಗೆ ಅರ್ಧದಿಂದ ಒಂದು ಕಿಲೋ. ಬಿಸಿನೀರಿನಲ್ಲಿ ಕರಗಿಸಿ ಕತ್ತಿನವರೆಗೆ ತುಂಬಿ. ಹನ್ನೆರಡು ತಾಸಿಗೊಮ್ಮೆ ಟಾರ್ಚ್ ಹಿಡಿದು ನೋಡಿ, ಒಂದು ದಿನದಲ್ಲಿ ತಳ ಬೂದುಬಣ್ಣಕ್ಕೆ ಬರುತ್ತದೆ. ತಾಮ್ರದ ಹಂಡೆ ಬೆಳಗುವ ಮುರುಗಲು ಸಿಪ್ಪೆ ಇದಕ್ಕೆ ಸಾಲದೇ ಎನ್ನುವವರಿದ್ದಾರೆ. ಹುಳಿಯೇನೋ ಹೌದು, ಆದರೆ ಅದರ ನಾರು ಕಾಕಿನ ಜಾಲರಿಗೆ ಹೋಗಿ ಕೂತರೆ ತುಕ್ಕೇ ವಾಸಿ ಅನ್ನಿಸೀತು. ಕಕ್ಕಸು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ, ಒಳ್ಳೆಯ ತಗಡನ್ನೂ ತಿನ್ನುತ್ತದೆ. ಬಸಿದ ಮೇಲೆ ಅಡುಗೆ ಸೋಡಾದ ನೀರು ಹಾಕಿ ನೊರೆ ನಿಲ್ಲುವವರೆಗೆ ತೊಳೆದು, ಸಿಹಿನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಕೂಡಲೇ ಒಣಗಿಸಿ. ಈ ಹೊತ್ತಿನಲ್ಲಿ ಊಟಕ್ಕೆ ಹೋಗಬೇಡಿ. ಬರಿಯ ಕಬ್ಬಿಣ ನಮ್ಮ ಗಾಳಿಯಲ್ಲಿ ಅರ್ಧ ಗಂಟೆಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಒಣಗಿದೊಡನೆ ನೂರು ಮಿಲಿ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಎಣ್ಣೆ) ಹಾಕಿ ಎಲ್ಲ ಕಡೆ ಹರಿದಾಡುವಂತೆ ತಿರುಗಿಸಿ, ಹೆಚ್ಚಿನದನ್ನು ಬಸಿದು, ಪೆಟ್ರೋಲು ತುಂಬಿ. ಅದಕ್ಕೂ ಮುಂಚೆ ತಳದ ಬೆಸುಗೆಯ ಉದ್ದಕ್ಕೂ ಹನಿ ಜಿನುಗುತ್ತದೆಯೇ ಎಂದು ನೀರು ತುಂಬಿಯೇ ನೋಡಿರಬೇಕು.

ಮುಚ್ಚಳದ ಗಾಳಿ ತೂತನ್ನು ಮರೆಯಬೇಡಿ. ನಿಂತ ಗಾಡಿಯಲ್ಲಿ ಕುಂಬಾರ ಹುಳ ತೂತು ಕಂಡಲ್ಲೆಲ್ಲ ಮಣ್ಣು ಮೆತ್ತುತ್ತದೆ: ಟ್ಯಾಂಕಿನ ಮುಚ್ಚಳ, ಕಾರ್ಬ್ಯುರೇಟರಿನ ಓವರ್‌ಫ್ಲೋ ಪೈಪು, ಏರ್ ಫಿಲ್ಟರಿನ ಬಾಯಿ, ಸೈಲೆನ್ಸರಿನ ಬಾಲ. ಎರಡು ಮೂರು ಕಿಲೋಮೀಟರ್ ಓಡಿ ನಿಂತು, ಮುಚ್ಚಳ ತೆರೆದರೆ ಹುಸ್ಸೆಂದು ಗಾಳಿ ಎಳೆದು ಮತ್ತೆ ಸ್ಟಾರ್ಟ್ ಆಗುವ ಗಾಡಿಗೆ ಬೇರೆ ರೋಗವಿಲ್ಲ.

ಕಾರ್ಬ್ಯುರೇಟರಿನಲ್ಲಿ ತೊಂದರೆ ಕೊಡುವುದು ಪೈಲಟ್ ಜೆಟ್, ಎಂಜಿನ್ ನಿಧಾನ ತಿರುಗುವಾಗ ಪೆಟ್ರೋಲು ಕೊಡುವ ಹಿತ್ತಾಳೆಯ ತುಣುಕು. ಅರ್ಧ ಮಿಲಿಮೀಟರಿಗಿಂತ ಸಣ್ಣ ತೂತು ಅದರದ್ದು. ಆವಿಯಾದ ಪೆಟ್ರೋಲಿನ ಜಿಡ್ಡು ಮೊದಲು ಮುಚ್ಚುವುದು ಅದನ್ನೇ. ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ತೆಗೆದರೆ ಸಾಯುತ್ತದೆ ಎಂದರೆ ಇದೇ. ಏರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ಕೂತಿತು ಎಂದು ಬರೆದಿಡಿ. ಬರೆಯಲು ಮರೆತಿರಾ, ಒಂದೂವರೆಯಿಂದ ಎರಡು ಸುತ್ತು ಹೊರಗೆ ಇಟ್ಟು ಶುರುಮಾಡಿ. ಜೆಟ್ಟನ್ನು ಕ್ಲೀನರಿನಲ್ಲಿ ನೆನೆಸಿ, ಹಳೇ ವೈರಿನ ಒಂದೇ ಎಳೆ ತಾಮ್ರದ ತಂತಿ ತೂರಿಸಿ, ಬೆಳಕಿಗೆ ಹಿಡಿಯಿರಿ. ಒಳಗೆ ಕಾಣುವ ಬೆಳಕಿನ ಚುಕ್ಕೆ ಪೂರ್ಣ ವೃತ್ತವಾಗಿರಬೇಕು. ಅರ್ಧಚಂದ್ರ ಕಂಡರೆ ಇನ್ನೂ ಕೊಳೆಯಿದೆ. ಹೊಲಿಗೆ ಸೂಜಿ, ಉಕ್ಕಿನ ತಂತಿ ಹಾಕಿದಿರೋ ತೂತು ದೊಡ್ಡದಾಗುತ್ತದೆ, ಆಮೇಲೆ ಹೊಸ ಜೆಟ್ಟೇ ಗತಿ. ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಜೆಟ್ ಹಸಿರುಗಟ್ಟಿದ್ದರೆ ತೊಳೆಯುವ ಗೋಜೇ ಬೇಡ, ಹೊಸದನ್ನೇ ಹಾಕಿ.

ವೈರಿಂಗನ್ನು ಹೆಡ್‌ಲೈಟಿನ ಹಿಂದಿನ ಗೊಂಚಲಿನಿಂದ ಶುರುಮಾಡಬೇಕು. ಒಂದೊಂದೇ ಕನೆಕ್ಟರು ಎಳೆದು, ಕ್ಲೀನರ್ ಹೊಡೆದು, ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಒಣಗಿದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ ಕೂಡಿಸಿ. ವೈರಿನ ತುದಿ ಸುಲಿದಾಗ ಒಳಗಿನ ತಾಮ್ರ ಕಪ್ಪಗಿದ್ದರೆ ಹೊಳೆಯುವ ಎಳೆ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಒಂದಡಿ ಕತ್ತರಿಸಿದರೂ ಹೊಳಪು ಸಿಗಲಿಲ್ಲವೆಂದರೆ ಪೂರ್ತಿ ವೈರಿಂಗ್ ಸೆಟ್ ಬದಲಿಸುವುದೇ ಅಗ್ಗ. ಜೋಡಿಸಿದ ಜಾಗಕ್ಕೆ ಟೇಪು ಸುತ್ತಬೇಡಿ, ಸೆಖೆಗೆ ಅದರ ಅಂಟು ಕರಗಿ ಜಾರುತ್ತದೆ, ಬಿಸಿಗೆ ಮುದುಡುವ ಸ್ಲೀವ್ ಹಾಕಿ. ಅರ್ಥಿಂಗ್ ಬೋಲ್ಟಿನ ಕೆಳಗೆ ಬಣ್ಣ ಕೆರೆದು ಕಬ್ಬಿಣ ಕಾಣಿಸಬೇಕು. ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್, ಎಂಜಿನ್ ಏರಿಸಿದಾಗ 13.5ರಿಂದ 14.5 ಬರಬೇಕು, 15 ದಾಟಿದರೆ ಚಾರ್ಜನ್ನು ಹದದಲ್ಲಿಡುವ ರೆಕ್ಟಿಫೈಯರ್ ಹೋಗಿದೆ, ಹೊಸ ಬ್ಯಾಟರಿಯನ್ನೂ ಕುದಿಸಿ ಕೊಲ್ಲುತ್ತದೆ. ಅಂದಹಾಗೆ ಹಳೇ ಕಿಕ್ ಸ್ಟಾರ್ಟ್ ಸ್ಪ್ಲೆಂಡರಿನ ಕಿಡಿಗೆ ಬ್ಯಾಟರಿ ಬೇಕಿಲ್ಲ, ಹೆಡ್‌ಲೈಟೂ ನೇರ ಮ್ಯಾಗ್ನೆಟ್ಟಿನಿಂದಲೇ. ನಿಂತಲ್ಲಿ ದೀಪ ಮಂಕಾಗುವುದು ಅದರ ಹುಟ್ಟುಗುಣ. ಆ ಗಾಡಿ ಸ್ಟಾರ್ಟ್ ಆಗದ್ದಕ್ಕೆ ಬ್ಯಾಟರಿಯನ್ನು ದೂರುವವರ ಮಾತು ನಂಬಬೇಡಿ.

ಬ್ರೇಕಿನಲ್ಲಿ ಶೂ ಬದಲಿಸಿದರೆ ಸಾಲದು. ಶೂಗಳನ್ನು ಅಗಲಿಸುವ ಕ್ಯಾಮ್ ಉಪ್ಪು ಹಿಡಿದು ತನ್ನ ತೂತಿನಲ್ಲೇ ಅಂಟಿರುತ್ತದೆ, ಒತ್ತಿದ ಬ್ರೇಕು ವಾಪಸ್ ಬರುವುದಿಲ್ಲ. ಕ್ಯಾಮ್ ಹೊರತೆಗೆದು ಉಜ್ಜಿ, ಕಡಲೆಕಾಳಿನಷ್ಟು ಗ್ರೀಸ್ ಹಚ್ಚಿ ಕೂರಿಸಿ. ಡ್ರಮ್ಮಿನ ಧೂಳನ್ನು ಊದಬೇಡಿ, ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ. ಹಬ್ ಬೇರಿಂಗು ಹಳೆಯದರ ಮೇಲೆ ಕೊರೆದ ನಂಬರನ್ನೇ ತನ್ನಿ, ಎರಡೂ ಬದಿ ರಬ್ಬರ್ ಸೀಲ್ ಇರುವುದು. ಮಳೆ ಸೀಮೆಗೆ ತೆರೆದ ಬೇರಿಂಗ್ ಆಗಿಬರುವುದಿಲ್ಲ. ಕೇಬಲ್ಲಿಗೆ ಕೊಬ್ಬರಿ ಎಣ್ಣೆ ಬಿಡುವವರು ಇನ್ನೂ ಇದ್ದಾರೆ. ಶಿರಸಿಯ ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗಿ ಬೆಳಗ್ಗೆ ಕ್ಲಚ್ಚೇ ಎಳೆಯಲಾಗುವುದಿಲ್ಲ. ಚೈನು ಮಧ್ಯದಲ್ಲಿ ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು, ಗಾಳಿ ಮುಂದಿನ ಚಕ್ರಕ್ಕೆ 25 ಪಿಎಸ್‌ಐ, ಓಡಿಸುವವರು ಒಬ್ಬರೇ ಆದರೆ ಹಿಂದಿನದಕ್ಕೆ 28.

ಪೇಂಟಿಗೆ ಕಾಲ ಬೇಕು. ಕಬ್ಬಿಣದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಆರ್ದ್ರತೆ ಶೇ. 85ಕ್ಕಿಂತ ಕಡಿಮೆ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅಂಥ ದಿನ ಹುಡುಕಿದರೂ ಸಿಗದು. ಮಳೆಗಾಲದಲ್ಲಿ ಎಂಜಿನ್ನು, ವೈರಿಂಗು ಮುಗಿಸಿ, ದೀಪಾವಳಿ ಕಳೆದ ಮೇಲೆ ಬಣ್ಣಕ್ಕೆ ಕೈ ಹಾಕಿ. ತಂತಿ ಬ್ರಶ್ಶು, 80ರ ಮರಳು ಕಾಗದ, ಮತ್ತೆ ಸಿಹಿನೀರು, ಒಣಗಿಸುವುದು. ಕೆರೆದರೂ ಬಿಡದ ಕುಳಿಗಳಿಗೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಸವರಿ, ಅದು ಕಪ್ಪಾಗಿ ಒಣಗಿದ ಮೇಲೆ 220ರ ಕಾಗದ, ಎಪಾಕ್ಸಿ ಪ್ರೈಮರ್ ಎರಡು ಕೋಟು, ಬಣ್ಣ ಎರಡು ಕೋಟು. ದಪ್ಪ ಒಂದು ಕೋಟಿಗಿಂತ ತೆಳುವಾದ ಎರಡು ಲೇಸು.

ಹೊರಗೆ ಇಷ್ಟು ಮಾಡಿ ಒಳಗನ್ನು ಬಿಟ್ಟರೆ ಕೆಲಸ ಅರ್ಧವೇ. ಚಾಸಿಯ ಪೈಪು ಕೊಳೆಯುವುದು ಒಳಗಿನಿಂದ. ಪೈಪಿನ ತೂತುಗಳಲ್ಲಿ ಗ್ರೀಸ್ ಬೆರೆಸಿ ಬಿಸಿ ಮಾಡಿದ ಎಂಜಿನ್ ಆಯಿಲನ್ನು ಸಿರಿಂಜಿನಲ್ಲಿ ಬಿಟ್ಟು ಗಾಡಿಯನ್ನು ಆ ಕಡೆ ಈ ಕಡೆ ವಾಲಿಸಿ. ಕೆಳಗಿನ ನೀರಿಳಿಯುವ ತೂತನ್ನು ಪೇಂಟಿನಿಂದ ಮುಚ್ಚಬೇಡಿ. ಸೈಲೆನ್ಸರಿನ ತಳದ ಸಣ್ಣ ತೂತಿಗೂ ಇದೇ ಮಾತು. ಮನೆಯಿಂದ ಪೇಟೆಗೆ ಒಂದೂವರೆ ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಸೈಲೆನ್ಸರ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ಆವಿ ನೀರಾಗಿ ಅಲ್ಲೇ ನಿಲ್ಲುತ್ತದೆ.

ಮೊದಲ ನೂರೈವತ್ತು ಕಿಲೋಮೀಟರ್ ಮಟ್ಟಸ ರಸ್ತೆಯಲ್ಲಿ ಓಡಿಸಿ ಎಣ್ಣೆ ಬಸಿಯಿರಿ, ಎಂಜಿನ್ನಿನೊಳಗೆ ಉಳಿದು ಎಣ್ಣೆಯಲ್ಲಿ ಕದಡಿದ ಕೊಳೆಯೂ ಅದರೊಂದಿಗೆ ಬರುತ್ತದೆ. ಎಲ್ಲ ನಟ್ಟು ಬೋಲ್ಟು ಇನ್ನೊಮ್ಮೆ ಬಿಗಿಮಾಡಿ, ಹೊಸ ಚೈನು ಜೋತಿರುತ್ತದೆ, ಸರಿಮಾಡಿ. ಆಮೇಲೆ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿಸಿ. ಮೂರನೇ ಗೇರಿನಲ್ಲಿ ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಇಳಿಯುವಾಗ ಎಂಜಿನ್ ಬ್ರೇಕಿನಲ್ಲಿ ಬಂದು, ಕೆಳಗೆ ತಲುಪಿದ ಮೇಲೆ ಎರಡೂ ಹಬ್ಬಿನ ಹತ್ತಿರ ಕೈ ಒಡ್ಡಿ ನೋಡಿ. ಒಂದು ಬೆಚ್ಚಗಿದ್ದು ಇನ್ನೊಂದು ಕೈ ಒಡ್ಡಲಾಗದಷ್ಟು ಸುಡುತ್ತಿದ್ದರೆ ಅದರ ಕ್ಯಾಮ್ ಇನ್ನೂ ಅಂಟುತ್ತಿದೆ, ಮನೆಗೆ ಹೋಗಿ ಆ ಚಕ್ರ ಮತ್ತೊಮ್ಮೆ ಬಿಚ್ಚಬೇಕು.